ಬ್ಯಾಂಟಿಂಗ್ ಮದ್ದು ಕೊಟ್ಟರು, ಅಳತೆಯ ಕೆಲಸ ನಮ್ಮ ಪಾಲಿಗೆ ಬಂತು

ನವೆಂಬರ್ 14 ಎಂದ ಕೂಡಲೇ ನಮಗೆ ನೆನಪಾಗುವುದು ಮಕ್ಕಳ ದಿನಾಚರಣೆ. ನೆಹರೂ ಅವರ ಫೋಟೊಗೆ ಹಾರ, ಒಂದೆರಡು ಭಾಷಣ, ಕೊನೆಗೆ ಕೈಗೊಂದು ಸಿಹಿ. ಆದರೆ ಅದೇ ದಿನ ಸಿಹಿ ತಿನ್ನುವ ಮೊದಲು ಲೆಕ್ಕ ಹಾಕಬೇಕಾದವರ ದಿನವೂ ಹೌದು. ಅಂದು ವಿಶ್ವ ಮಧುಮೇಹ ದಿನ. ನೆಹರೂ ಹುಟ್ಟಿದ್ದು 1889ರ ನವೆಂಬರ್ 14ರಂದು. ಸರಿಯಾಗಿ ಎರಡು ವರ್ಷದ ನಂತರ, 1891ರ ಅದೇ ತಾರೀಖಿನಂದು, ಕೆನಡಾದ ಒಂಟಾರಿಯೊ ಪ್ರಾಂತ್ಯದ ಅಲಿಸ್ಟನ್ ಎಂಬ ಸಣ್ಣ ಊರಿನ ಬಳಿಯ ರೈತರ ಮನೆಯಲ್ಲಿ ಫ್ರೆಡರಿಕ್ ಗ್ರಾಂಟ್ ಬ್ಯಾಂಟಿಂಗ್ ಹುಟ್ಟಿದರು. ಇನ್ಸುಲಿನ್ ಜೊತೆಗೆ ಜಗತ್ತು ಮೊದಲು ಸೇರಿಸಿ ಹೇಳುವ ಹೆಸರು ಅವರದು.

ನಾನು ಎಲೆಕ್ಟ್ರಾನಿಕ್ಸ್ ಓದುವವನು. ಡಾಕ್ಟರ ಜೀವನಚರಿತ್ರೆಗೂ ನನಗೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ಸೆಮಿನಾರ್‌ಗೆಂದು ನಾನು ಆರಿಸಿಕೊಂಡ ವಿಷಯ, ಚರ್ಮದ ಕೆಳಗೆ ಕೂರಿಸುವ, ಅತಿ ಕಡಿಮೆ ವಿದ್ಯುತ್ತಿನಲ್ಲಿ ನಡೆಯುವ ವೈರ್‌ಲೆಸ್ ಗ್ಲುಕೋಸ್ ಸೆನ್ಸರ್. ರಕ್ತದ ಸಕ್ಕರೆಯನ್ನು ಐದು ನಿಮಿಷಕ್ಕೊಮ್ಮೆ ಅಳೆಯುವಷ್ಟು ಆತುರ ಯಾಕೆ ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹಿಂದೆ ಹಿಂದೆ ಹೋದಾಗ ಬ್ಯಾಂಟಿಂಗ್ ಸಿಕ್ಕರು. ಮದ್ದಿನ ಕಥೆ ಇರುತ್ತದೆ ಎಂದುಕೊಂಡು ಓದಲು ಕೂತೆ. ಓದಿದಷ್ಟೂ ಅದು ಅಳತೆಯ ಕಥೆಯಾಗಿ ಕಂಡಿತು.

ಮೊದಲ ವರ್ಷವೇ ಫೇಲ್

ಐದು ಮಕ್ಕಳಲ್ಲಿ ಬ್ಯಾಂಟಿಂಗ್ ಕೊನೆಯವರು. ಶಾಲೆಯಲ್ಲಿ ಅಂಥ ಜಾಣ ವಿದ್ಯಾರ್ಥಿಯೇನಲ್ಲ. 1910ರಲ್ಲಿ ಟೊರಾಂಟೊದ ವಿಕ್ಟೋರಿಯಾ ಕಾಲೇಜಿನಲ್ಲಿ ಕಲಾ ವಿಭಾಗಕ್ಕೆ ಸೇರಿ ಮೊದಲ ವರ್ಷವೇ ಫೇಲಾದರು. ಕಡೆಗೆ ದಾರಿ ಬದಲಿಸಿ 1912ರಲ್ಲಿ ವೈದ್ಯಕೀಯಕ್ಕೆ ಸೇರಿಕೊಂಡರು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಸೈನ್ಯಕ್ಕೆ ಸೇರಲು ಹೋದರೆ ಕಣ್ಣಿನ ದೃಷ್ಟಿ ಸರಿಯಿಲ್ಲವೆಂದು ವಾಪಸ್ ಕಳಿಸಿದರು. ಆದರೆ ಯುದ್ಧ ಮುಂದುವರಿದಂತೆ ಡಾಕ್ಟರುಗಳ ಕೊರತೆ ಹೆಚ್ಚಿತು. ಇವರ ತರಗತಿಯ ಪಾಠಗಳನ್ನೇ ಬೇಗ ಬೇಗ ಮುಗಿಸಿ 1916ರ ಡಿಸೆಂಬರ್‌ನಲ್ಲಿ ಪದವಿ ಕೊಟ್ಟು ಸೇನೆಯ ವೈದ್ಯಕೀಯ ದಳಕ್ಕೆ ತೆಗೆದುಕೊಂಡರು.

1918ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸಿನ ಕ್ಯಾಂಬ್ರೆ ಬಳಿ ಸಿಡಿಗುಂಡಿನ ಚೂರು ಅವರ ಬಲತೋಳಿಗೆ ಹೊಕ್ಕಿತು. ಗಾಯವನ್ನು ಲೆಕ್ಕಿಸದೆ ಇತರ ಗಾಯಾಳುಗಳಿಗೆ ಗಂಟೆಗಟ್ಟಲೆ ಚಿಕಿತ್ಸೆ ಕೊಡುತ್ತಲೇ ಇದ್ದುದಕ್ಕೆ 1919ರಲ್ಲಿ ಮಿಲಿಟರಿ ಕ್ರಾಸ್ ಪದಕ ಬಂತು.

ಪದಕದಿಂದ ಕೆಲಸ ಸಿಗಲಿಲ್ಲ. ಟೊರಾಂಟೊದ ಮಕ್ಕಳ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ತರಬೇತಿ ಮುಗಿಸಿದರೂ ಅಲ್ಲಿ ಹುದ್ದೆ ದೊರೆಯಲಿಲ್ಲ. 1920ರ ಜುಲೈನಲ್ಲಿ ಒಂಟಾರಿಯೊದ ಲಂಡನ್ ಎಂಬ ಊರಿನಲ್ಲಿ (ಇಂಗ್ಲೆಂಡಿನ ಲಂಡನ್ ಅಲ್ಲ) ಸ್ವಂತ ಕ್ಲಿನಿಕ್ ತೆರೆದರು. ಬಾಗಿಲು ತೆರೆದು ಕೂತರೆ ರೋಗಿಗಳೇ ಇಲ್ಲ. ಮೊದಲ ರೋಗಿ ಬರುವಷ್ಟರಲ್ಲಿ ತಿಂಗಳು ಮುಗಿಯುತ್ತಾ ಬಂದಿತ್ತು. ಆ ತಿಂಗಳ ಒಟ್ಟು ಸಂಪಾದನೆ 4 ಡಾಲರ್. ವಯಸ್ಸು 28, ಮನೆಯ ಸಾಲ ಬೇರೆ. ಮದುವೆ ಗೊತ್ತಾಗಿದ್ದ ಹುಡುಗಿಯೊಂದಿಗಿನ ಸಂಬಂಧವೂ ಹದಗೆಡುತ್ತಿತ್ತು. ಹೊಟ್ಟೆಪಾಡಿಗೆ ಅಲ್ಲಿನ ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಗಂಟೆಗೆ 2 ಡಾಲರ್ ಸಂಬಳದ ಅರೆಕಾಲಿಕ ಡೆಮಾನ್‌ಸ್ಟ್ರೇಟರ್ ಕೆಲಸ ಹಿಡಿದರು. ಡಿಗ್ರಿ ಇದ್ದೂ ಕೆಲಸವಿಲ್ಲದೆ ಟ್ಯೂಷನ್ ಹೇಳಿಕೊಂಡು ದಿನ ದೂಡುವ ನಮ್ಮ ಅಣ್ಣಂದಿರು, ಅಕ್ಕಂದಿರಿಗೆ ಈ ಚಿತ್ರ ಬಿಡಿಸಿ ಹೇಳಬೇಕಿಲ್ಲ.

ನಡುರಾತ್ರಿಯ ಒಂದು ಟಿಪ್ಪಣಿ

ಆ ಅರೆಕಾಲಿಕ ಕೆಲಸವೇ ಎಲ್ಲಕ್ಕೂ ಕಾರಣವಾಯಿತು. ವಿದ್ಯಾರ್ಥಿಗಳಿಗೆ ದೇಹವು ಸಕ್ಕರೆಯನ್ನು ಬಳಸುವ ಬಗೆಯ ಮೇಲೆ ಪಾಠ ಮಾಡಬೇಕಿತ್ತು. ಬ್ಯಾಂಟಿಂಗ್‌ಗೆ ಆ ವಿಷಯ ಅಷ್ಟಾಗಿ ಗೊತ್ತಿರಲಿಲ್ಲ. 1920ರ ಅಕ್ಟೋಬರ್ 30ರ ರಾತ್ರಿ ತಯಾರಿ ನಡೆಸುತ್ತಾ ಮೋಸೆಸ್ ಬ್ಯಾರನ್ ಎಂಬ ವೈದ್ಯರ ಲೇಖನವೊಂದನ್ನು ಓದಿದರು. ಮೇದೋಜೀರಕ ಗ್ರಂಥಿಯ ನಾಳ ಕಲ್ಲಿನಿಂದ ಮುಚ್ಚಿಹೋದರೆ ಜೀರ್ಣರಸ ಮಾಡುವ ಭಾಗ ಸೊರಗುತ್ತದೆ, ಆದರೆ ನಡುವಿನ ಲ್ಯಾಂಗರ್‌ಹ್ಯಾನ್ಸ್ ಕಿರುದ್ವೀಪಗಳು ಹಾಗೆಯೇ ಉಳಿಯುತ್ತವೆ ಎಂಬುದು ಅದರ ಸಾರಾಂಶ.

ಮೇದೋಜೀರಕ ಗ್ರಂಥಿಯನ್ನು ತೆಗೆದುಹಾಕಿದರೆ ನಾಯಿಗೆ ಮಧುಮೇಹ ಬರುತ್ತದೆ ಎಂಬುದನ್ನು ಜರ್ಮನಿಯ ಮಿಂಕೋವ್‌ಸ್ಕಿ ಮತ್ತು ಮೆರಿಂಗ್ 1889ರಲ್ಲಿಯೇ ತೋರಿಸಿದ್ದರು. ಆ ಗ್ರಂಥಿಯಲ್ಲಿ ಸಕ್ಕರೆಯನ್ನು ಹತೋಟಿಯಲ್ಲಿಡುವ ಏನೋ ಒಂದು ಇದೆ ಎಂಬ ಅನುಮಾನ ಎಲ್ಲರಿಗೂ ಇತ್ತು. ಅದನ್ನು ಹೊರತೆಗೆಯಲು ಹಲವರು ಪ್ರಯತ್ನಿಸಿ ಕೈಚೆಲ್ಲಿದ್ದರು. ನಾಯಿಯ ಗ್ರಂಥಿಯ ನಾಳವನ್ನು ದಾರದಿಂದ ಬಿಗಿದು ಕಟ್ಟಿ, ಜೀರ್ಣರಸದ ಭಾಗ ಸೊರಗುವವರೆಗೆ ಕಾದು, ಉಳಿದ ಕಿರುದ್ವೀಪಗಳಿಂದ ಆ ಸಾರವನ್ನು ತೆಗೆದರೆ ಹೇಗೆ? ಇದು ಬ್ಯಾಂಟಿಂಗ್‌ಗೆ ಹೊಳೆದ ಯೋಚನೆ. ನಿದ್ದೆ ಬಾರದೆ ಎದ್ದು ರಾತ್ರಿ ಸುಮಾರು 2 ಗಂಟೆಗೆ ನೋಟ್‌ಪುಸ್ತಕದಲ್ಲಿ ಕೆಲವೇ ಪದಗಳಲ್ಲಿ ಅದನ್ನು ಬರೆದಿಟ್ಟರು. ಅದರಲ್ಲಿ ಡಯಾಬಿಟಿಸ್ ಎಂಬ ಪದದ ಸ್ಪೆಲ್ಲಿಂಗ್ ಕೂಡ ತಪ್ಪಾಗಿತ್ತು.

ನವೆಂಬರ್‌ನಲ್ಲಿ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಹೋಗಿ ಪ್ರೊಫೆಸರ್ ಜೆ.ಜೆ.ಆರ್. ಮ್ಯಾಕ್ಲಿಯೋಡ್ ಅವರನ್ನು ಕಂಡರು. ಸಕ್ಕರೆಯ ವಿಷಯದಲ್ಲಿ ಮ್ಯಾಕ್ಲಿಯೋಡ್ ಆಗಲೇ ಹೆಸರಾಂತ ಪಂಡಿತರು. ಎದುರಿಗೆ ಕೂತಿದ್ದ ಯುವಕನಿಗೆ ಸಂಶೋಧನೆಯ ಅನುಭವ ಇಲ್ಲವೆಂಬುದು ಅವರಿಗೆ ಕೂಡಲೇ ಗೊತ್ತಾಯಿತು. ಆದರೂ ಅವರು ಬಾಗಿಲು ಮುಚ್ಚಲಿಲ್ಲ. ಬೇಸಿಗೆಯಲ್ಲಿ ಬಳಸಲು ಒಂದು ಪ್ರಯೋಗಾಲಯ, ಹತ್ತು ನಾಯಿಗಳು, ಒಬ್ಬ ವಿದ್ಯಾರ್ಥಿ ಸಹಾಯಕ, ಇಷ್ಟು ಒದಗಿಸಲು ಒಪ್ಪಿದರು.

ಸೂಜಿ ಒಬ್ಬರ ಕೈಯಲ್ಲಿ, ಅಂಕಿ ಇನ್ನೊಬ್ಬರ ಕೈಯಲ್ಲಿ

ಆ ಸಹಾಯಕನ ಜಾಗಕ್ಕೆ ಇಬ್ಬರು ವಿದ್ಯಾರ್ಥಿಗಳಿದ್ದರು: ಚಾರ್ಲ್ಸ್ ಬೆಸ್ಟ್ ಮತ್ತು ಕ್ಲಾರ್ಕ್ ನೋಬಲ್. ಮೊದಲು ಯಾರು ಹೋಗಬೇಕೆಂದು ನಾಣ್ಯ ಚಿಮ್ಮಿದಾಗ ಬೆಸ್ಟ್ ಗೆದ್ದರು. ಆಗ ಬೆಸ್ಟ್‌ಗೆ 22 ವರ್ಷ, ಆಗಷ್ಟೇ ಪದವಿ ಪರೀಕ್ಷೆ ಮುಗಿಸಿದ್ದರು. ಈ ಭಾಗವನ್ನು ನಾನು ಎರಡು ಸಲ ಓದಿದೆ. ನನಗಿಂತ ಎರಡೇ ವರ್ಷ ದೊಡ್ಡ ಹುಡುಗ!

1921ರ ಮೇ 17ರಂದು ಕೆಲಸ ಆರಂಭವಾಯಿತು. ಶಸ್ತ್ರಚಿಕಿತ್ಸೆ ಬ್ಯಾಂಟಿಂಗ್ ಅವರದು. ರಕ್ತ ಮತ್ತು ಮೂತ್ರದಲ್ಲಿನ ಸಕ್ಕರೆ ಅಳೆಯುವುದು ಬೆಸ್ಟ್ ಅವರದು. ಅಲ್ಲಿಯವರೆಗೆ ಸೋತವರಿಗೂ ಇವರಿಗೂ ಇದ್ದ ಒಂದು ದೊಡ್ಡ ವ್ಯತ್ಯಾಸ ಇಲ್ಲಿದೆ. ಹಿಂದೆ ರಕ್ತದ ಸಕ್ಕರೆ ಅಳೆಯಲು ಬಹಳ ರಕ್ತ ಬೇಕಿತ್ತು. ಒಂದೇ ಪ್ರಾಣಿಯಿಂದ ದಿನಕ್ಕೆ ಹಲವು ಸಲ ತೆಗೆಯುವುದು ಕಷ್ಟವಾಗಿತ್ತು. 1910ರ ದಶಕದಲ್ಲಿ ಸ್ವಲ್ಪವೇ ರಕ್ತದಲ್ಲಿ ಅಳೆಯುವ ಹೊಸ ವಿಧಾನಗಳು ಬಂದವು. ಹೀಗಾಗಿ ಚುಚ್ಚುಮದ್ದು ಕೊಟ್ಟ ಮೇಲೆ ಗಂಟೆಗೊಮ್ಮೆ ಏನಾಯಿತೆಂದು ನೋಡುವುದು ಬೆಸ್ಟ್‌ಗೆ ಸಾಧ್ಯವಾಯಿತು.

ಆ ಬೇಸಿಗೆ ಸುಲಭದ್ದಾಗಿರಲಿಲ್ಲ. ಸುಡುವ ಸೆಕೆ, ಸೋಂಕು. ಮೊದಲ ವಾರಗಳಲ್ಲೇ ಹಲವು ನಾಯಿಗಳು ಸತ್ತವು. ಮ್ಯಾಕ್ಲಿಯೋಡ್ ರಜೆಗೆ ಸ್ಕಾಟ್ಲೆಂಡಿಗೆ ಹೋಗಿದ್ದರು. ಬ್ಯಾಂಟಿಂಗ್‌ಗೆ ಸಂಬಳವಿಲ್ಲ. ಲಂಡನ್ನಿನ ಮನೆ, ಸಾಮಾನು, ಹಳೆಯ ಕಾರು ಒಂದೊಂದಾಗಿ ಮಾರಾಟವಾದವು. ಇವತ್ತು ನಾವು ಇನ್ಸುಲಿನ್ ಎಂದು ಹೇಳುವಾಗ ಆ ನಾಯಿಗಳ ಋಣವನ್ನೂ ಮರೆಯಬಾರದು.

ಜುಲೈ 30ರಂದು 410ನೇ ಸಂಖ್ಯೆಯ ನಾಯಿಗೆ ಮೊದಲ ಬಾರಿ ಸಾರವನ್ನು ಚುಚ್ಚಿದರು. ಒಂದು ಗಂಟೆಯಲ್ಲಿ ರಕ್ತದ ಸಕ್ಕರೆ ಶೇ 0.20ರಿಂದ ಶೇ 0.12ಕ್ಕೆ ಇಳಿಯಿತು. ಇಂದಿನ ಲ್ಯಾಬ್ ರಿಪೋರ್ಟಿನ ಲೆಕ್ಕದಲ್ಲಿ ಹೇಳುವುದಾದರೆ 200ರಿಂದ 120ಕ್ಕೆ. ಆ ನಾಯಿ ಮರುದಿನ ಸತ್ತಿತು. ಆದರೆ ಆ ಎರಡು ಅಂಕಿಗಳ ನಡುವಿನ ಇಳಿಜಾರು ಇಬ್ಬರಿಗೂ ಮುಂದಿನ ದಾರಿ ತೋರಿಸಿತ್ತು. 33ನೇ ಸಂಖ್ಯೆಯ ಮಾರ್ಜರಿ ಎಂಬ ನಾಯಿ ಮೇದೋಜೀರಕ ಗ್ರಂಥಿಯೇ ಇಲ್ಲದೆ, ಚುಚ್ಚುಮದ್ದಿನ ಬಲದಿಂದ ಸುಮಾರು 70 ದಿನ ಬದುಕಿತು.

ಇನ್ನೊಂದು ವಿಷಯ ನನಗೆ ಬಹಳ ಹಿಡಿಸಿತು. ಬ್ಯಾಂಟಿಂಗ್ ಅವರ ನಡುರಾತ್ರಿಯ ಯೋಚನೆ ಅಸಲಿಗೆ ಅನಗತ್ಯವಾಗಿತ್ತು. ನಾಳ ಕಟ್ಟದಿದ್ದರೆ ಜೀರ್ಣರಸವು ಸಾರವನ್ನು ಹಾಳುಮಾಡುತ್ತದೆ ಎಂಬುದು ಅವರ ನಂಬಿಕೆ. ಆದರೆ ತಾಜಾ ಗ್ರಂಥಿಯಲ್ಲಿ ಆ ಕಿಣ್ವಗಳು ನಿಷ್ಕ್ರಿಯ ರೂಪದಲ್ಲಿರುತ್ತವೆ. ವರ್ಷಾಂತ್ಯದ ಹೊತ್ತಿಗೆ ಕಸಾಯಿಖಾನೆಯಿಂದ ತಂದ ದನದ ಗ್ರಂಥಿಯನ್ನು ಆಲ್ಕೋಹಾಲಿನಲ್ಲಿ ಸೋಸಿದರೆ ಸಾಕು ಎಂಬುದು ಅವರಿಗೇ ಗೊತ್ತಾಯಿತು. ನಾಳ ಕಟ್ಟುವ, ವಾರಗಟ್ಟಲೆ ಕಾಯುವ ರಗಳೆ ತಪ್ಪಿತು. ತನ್ನ ಮೂಲ ಯೋಚನೆಯನ್ನೇ ಬ್ಯಾಂಟಿಂಗ್ ಬದಿಗಿಟ್ಟದ್ದು ಯಾರ ಮಾತು ಕೇಳಿ? ಬೆಸ್ಟ್ ಬರೆದಿಟ್ಟ ಅಂಕಿಗಳ ಮಾತು ಕೇಳಿ. ಸಾರ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ಹೇಳಲು ಅಳತೆ ಇತ್ತು. ಹಾಗಾಗಿ ಊಹೆ ತಪ್ಪಿದರೂ ಕೆಲಸ ಕೆಡಲಿಲ್ಲ.

29 ಕೆ.ಜಿ.ಯ ಹುಡುಗ

1921ರ ಡಿಸೆಂಬರ್‌ನಲ್ಲಿ ಜೀವರಸಾಯನ ತಜ್ಞ ಜೇಮ್ಸ್ ಕಾಲಿಪ್ ತಂಡಕ್ಕೆ ಸೇರಿದರು. ಸಾರವನ್ನು ಶುದ್ಧಗೊಳಿಸುವುದು ಅವರ ಹೊಣೆ. ಅವರು ಮೊಲಗಳ ಮೇಲೆ ಪರೀಕ್ಷಿಸುತ್ತಿದ್ದರು. ಸಾರ ಹೆಚ್ಚಾದರೆ ಮೊಲಕ್ಕೆ ಸೆಳೆತ ಬಂದು ಬೀಳುತ್ತಿತ್ತು. ಗ್ಲುಕೋಸ್ ಕೊಟ್ಟರೆ ಚೇತರಿಸಿಕೊಳ್ಳುತ್ತಿತ್ತು. ಮದ್ದಿನೊಳಗೇ ಅಪಾಯವೂ ಇದೆ ಎಂಬುದನ್ನು ಆ ಮೊಲಗಳು ಮೊದಲೇ ತಿಳಿಸಿದ್ದವು.

ಟೊರಾಂಟೊ ಜನರಲ್ ಆಸ್ಪತ್ರೆಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗ ಮಲಗಿದ್ದ. ತೂಕ ಸುಮಾರು 29 ಕೆ.ಜಿ. ಆಗ ಈ ರೋಗಕ್ಕಿದ್ದ ಚಿಕಿತ್ಸೆ ಎಂದರೆ ಉಪವಾಸ. ಕಡಿಮೆ ತಿಂದರೆ ಸಕ್ಕರೆ ಕಡಿಮೆ, ಹಾಗಾಗಿ ಇನ್ನಷ್ಟು ತಿಂಗಳು ಉಸಿರಾಡಬಹುದು ಎಂಬ ಲೆಕ್ಕ. ರೋಗದಿಂದ ಸಾಯಬೇಕೋ ಹಸಿವಿನಿಂದ ಸಾಯಬೇಕೋ ಎಂಬಂಥ ಸ್ಥಿತಿ. 1922ರ ಜನವರಿ 11ರಂದು ಬ್ಯಾಂಟಿಂಗ್ ಮತ್ತು ಬೆಸ್ಟ್ ತಯಾರಿಸಿದ ಸಾರವನ್ನು ಅವನಿಗೆ ಚುಚ್ಚಿದರು. ಸಕ್ಕರೆ 440ರಿಂದ 320ಕ್ಕಷ್ಟೇ ಇಳಿಯಿತು, ಚುಚ್ಚಿದ ಜಾಗದಲ್ಲಿ ಕೀವುಗಂಟಾಯಿತು. ನಿಲ್ಲಿಸಿದರು. ಜನವರಿ 23ರಂದು ಕಾಲಿಪ್ ಶುದ್ಧಗೊಳಿಸಿದ ಸಾರವನ್ನು ಕೊಟ್ಟಾಗ 520 ಇದ್ದ ಸಕ್ಕರೆ 120ಕ್ಕೆ ಬಂತು. ಲಿಯೊನಾರ್ಡ್ ಅಲ್ಲಿಂದ 13 ವರ್ಷ ಬದುಕಿದ.

ಲ್ಯಾಟಿನ್‌ನಲ್ಲಿ ದ್ವೀಪಕ್ಕಿರುವ ಪದದಿಂದ ಈ ಸಾರಕ್ಕೆ ಇನ್ಸುಲಿನ್ ಎಂದು ಹೆಸರಿಟ್ಟರು. ಅದೇ ವರ್ಷದ ಆಗಸ್ಟ್‌ನಲ್ಲಿ ಅಮೆರಿಕದ ವಿದೇಶಾಂಗ ಸಚಿವರ ಮಗಳು ಎಲಿಜಬೆತ್ ಹ್ಯೂಸ್ ಬ್ಯಾಂಟಿಂಗ್ ಬಳಿ ಬಂದಾಗ ಅವಳ ತೂಕ ಸುಮಾರು 20 ಕೆ.ಜಿ. ಉಪವಾಸದ ಚಿಕಿತ್ಸೆಯಲ್ಲಿ ಎಲುಬು ಗೂಡಾಗಿದ್ದಳು. ಆಕೆ ಓದಿ, ಮದುವೆಯಾಗಿ, ಮಕ್ಕಳನ್ನು ಹೆತ್ತು 1981ರವರೆಗೆ ಬದುಕಿದರು.

1 ಡಾಲರ್ ಮತ್ತು ಜಗಳ

ಬ್ಯಾಂಟಿಂಗ್ ಅವರನ್ನು ದೇವರ ಪಟದಂತೆ ಗೋಡೆಗೆ ತೂಗುಹಾಕಲು ನನಗೆ ಇಷ್ಟವಿಲ್ಲ. ಅವರು ಮುಂಗೋಪಿ. ಮ್ಯಾಕ್ಲಿಯೋಡ್ ತನ್ನ ಕೆಲಸದ ಕೀರ್ತಿಯನ್ನು ಕಸಿಯುತ್ತಿದ್ದಾರೆ ಎಂಬ ಅನುಮಾನ ಅವರನ್ನು ಕೊನೆಯವರೆಗೂ ಬಿಡಲಿಲ್ಲ. 1922ರ ಜನವರಿಯಲ್ಲಿ ಶುದ್ಧೀಕರಣದ ಗುಟ್ಟಿನ ವಿಷಯಕ್ಕೆ ಕಾಲಿಪ್ ಜೊತೆ ಮಾತಿಗೆ ಮಾತು ಬೆಳೆದು ಕೈಮಿಲಾಯಿಸುವ ಮಟ್ಟಕ್ಕೂ ಹೋಗಿತ್ತು. 1923ರ ನೊಬೆಲ್ ಪ್ರಶಸ್ತಿ ಬ್ಯಾಂಟಿಂಗ್ ಮತ್ತು ಮ್ಯಾಕ್ಲಿಯೋಡ್ ಇಬ್ಬರಿಗೆ ಬಂದಾಗ ಬೆಸ್ಟ್ ಹೆಸರಿಲ್ಲವೆಂದು ಬ್ಯಾಂಟಿಂಗ್ ಕೆರಳಿದರು. ತನ್ನ ಪಾಲಿನ ಹಣದಲ್ಲಿ ಅರ್ಧವನ್ನು ಬೆಸ್ಟ್‌ಗೆ ಕೊಟ್ಟರು. ಮ್ಯಾಕ್ಲಿಯೋಡ್ ತಮ್ಮ ಪಾಲಿನ ಅರ್ಧವನ್ನು ಕಾಲಿಪ್‌ಗೆ ಕೊಟ್ಟರು. ಇತ್ತ ರುಮೇನಿಯಾದ ನಿಕೊಲಾಯ್ ಪೌಲೆಸ್ಕು 1921ರಲ್ಲೇ ಇಂಥದ್ದೇ ಸಾರದ ಬಗ್ಗೆ ಪ್ರಕಟಿಸಿದ್ದರು. ಅವರಿಗೆ ಸಲ್ಲಬೇಕಾದ ಮನ್ನಣೆ ಸಲ್ಲಲಿಲ್ಲ.

ಪ್ರಶಸ್ತಿ ಬಂದಾಗ ಬ್ಯಾಂಟಿಂಗ್‌ಗೆ 32. ವೈದ್ಯಕೀಯ ವಿಭಾಗದಲ್ಲಿ ಅಷ್ಟು ಚಿಕ್ಕ ವಯಸ್ಸಿನಲ್ಲಿ ನೊಬೆಲ್ ಪಡೆದವರು ಇಂದಿಗೂ ಬೇರೆ ಯಾರೂ ಇಲ್ಲ. ಮೂರು ವರ್ಷದ ಹಿಂದೆ ತಿಂಗಳಿಗೆ 4 ಡಾಲರ್ ದುಡಿದಿದ್ದ ಮನುಷ್ಯ.

ಇಷ್ಟೆಲ್ಲ ಜಗಳದ ನಡುವೆ ಒಂದು ವಿಷಯದಲ್ಲಿ ಮಾತ್ರ ಒಮ್ಮತವಿತ್ತು. 1923ರ ಜನವರಿಯಲ್ಲಿ ಬ್ಯಾಂಟಿಂಗ್, ಬೆಸ್ಟ್ ಮತ್ತು ಕಾಲಿಪ್ ಇನ್ಸುಲಿನ್‌ನ ಪೇಟೆಂಟನ್ನು ತಲಾ 1 ಡಾಲರಿಗೆ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ಯಾರೋ ಒಬ್ಬರು ಅದನ್ನು ಗುತ್ತಿಗೆ ಹಿಡಿದು ರೋಗಿಗಳನ್ನು ಸುಲಿಯಬಾರದು ಎಂಬುದು ಉದ್ದೇಶ. ಮನೆ, ಕಾರು ಮಾರಿಕೊಂಡವರು ಕೋಟ್ಯಧೀಶರಾಗುವ ದಾರಿಯನ್ನು ಹೀಗೆ ಬಿಟ್ಟುಕೊಟ್ಟದ್ದು ನನ್ನಂಥವನಿಗೆ ಸುಲಭಕ್ಕೆ ಅರ್ಥವಾಗುವುದಿಲ್ಲ. ಪ್ಲೇಸ್‌ಮೆಂಟ್ ಪ್ಯಾಕೇಜ್ ಎಷ್ಟು ಎಂಬ ಮಾತಿನಲ್ಲೇ ನಮ್ಮ ದಿನ ಶುರುವಾಗುತ್ತದೆ.

ಆಮೇಲಿನ ಬದುಕು ಅಷ್ಟು ಹೊಳೆಯಲಿಲ್ಲ. ಸರ್ಕಾರ ಜೀವಮಾನದ ಗೌರವಧನ ಕೊಟ್ಟಿತು, 1934ರಲ್ಲಿ ಸರ್ ಪದವಿ ಬಂತು. ಕ್ಯಾನ್ಸರ್ ಮತ್ತು ಕಲ್ಲುಧೂಳಿನಿಂದ ಬರುವ ಶ್ವಾಸಕೋಶದ ರೋಗದ ಮೇಲೆ ಸಂಶೋಧನೆ ನಡೆಸಿದರೂ ಇನ್ಸುಲಿನ್‌ನಂಥ ಇನ್ನೊಂದು ಗೆಲುವು ಸಿಗಲಿಲ್ಲ. ಬಿಡುವಿನಲ್ಲಿ ಚಿತ್ರ ಬರೆಯುತ್ತಿದ್ದರು. ಚಿತ್ರಕಾರ ಎ.ವೈ. ಜಾಕ್ಸನ್ ಜೊತೆ 1927ರಲ್ಲಿ ಉತ್ತರ ಧ್ರುವ ಪ್ರದೇಶಕ್ಕೂ ಹೋಗಿಬಂದರು. ಎರಡನೇ ಮಹಾಯುದ್ಧದ ವೇಳೆ ವಿಮಾನ ಚಾಲಕರ ಆರೋಗ್ಯದ ಸಂಶೋಧನೆಗೆ ಇಳಿದರು. 1941ರ ಫೆಬ್ರುವರಿಯಲ್ಲಿ ಇಂಗ್ಲೆಂಡಿಗೆ ಹೊರಟಿದ್ದ ವಿಮಾನ ನ್ಯೂಫೌಂಡ್‌ಲ್ಯಾಂಡಿನ ಮಸ್‌ಗ್ರೇವ್ ಹಾರ್ಬರ್ ಬಳಿ ಬಿತ್ತು. ಗಾಯಗೊಂಡ ಬ್ಯಾಂಟಿಂಗ್ 21ರಂದು ತೀರಿಕೊಂಡರು. ವಯಸ್ಸು 49.

ಬೆನೆಡಿಕ್ಟ್ ಪರೀಕ್ಷೆಯಿಂದ ಚರ್ಮದಡಿಯ ಸೆನ್ಸರ್‌ವರೆಗೆ

ಬ್ಯಾಂಟಿಂಗ್ ಮದ್ದು ಕೊಟ್ಟರು, ರೋಗ ವಾಸಿಯಾಗಲಿಲ್ಲ. ಸಾಯಬೇಕಾದವರು ಬದುಕಿದರು. ಆದರೆ ಬದುಕಿದವರ ಮುಂದೆ ದಿನವೂ ಒಂದು ಲೆಕ್ಕ ಬಂದು ಕೂತಿತು. ಇನ್ಸುಲಿನ್ ಕಡಿಮೆಯಾದರೆ ಸಕ್ಕರೆ ಏರಿ ವರ್ಷಗಳಲ್ಲಿ ಕಣ್ಣು, ಮೂತ್ರಪಿಂಡ, ನರ ಹಾಳಾಗುತ್ತವೆ. ಹೆಚ್ಚಾದರೆ ಸಕ್ಕರೆ ಕುಸಿದು ಕೆಲವೇ ಹೊತ್ತಿನಲ್ಲಿ ಬೆವರು, ನಡುಕ, ಪ್ರಜ್ಞೆ ತಪ್ಪುವುದು, ಕೆಲವೊಮ್ಮೆ ಸಾವು. ಕಾಲಿಪ್ ಅವರ ಮೊಲಗಳಿಗೆ ಆದದ್ದೇ ಇದು. ಹಾಗಾದರೆ ಈಗ ಎಷ್ಟು ಚುಚ್ಚಬೇಕು? ಟೊರಾಂಟೊದಲ್ಲಿ ಈ ಪ್ರಶ್ನೆಗೆ ಬೆಸ್ಟ್ ಅಂಕಿ ಕೊಡುತ್ತಿದ್ದರು. ಮನೆಗೆ ಹೋದ ರೋಗಿಯ ಪಕ್ಕದಲ್ಲಿ ಬೆಸ್ಟ್ ಇರಲಿಲ್ಲ.

ಮನೆಯಲ್ಲಿ ಇದ್ದದ್ದು ಬೆನೆಡಿಕ್ಟ್ ದ್ರಾವಣ. ಪಿಯುಸಿ ಲ್ಯಾಬಿನಲ್ಲಿ ನಾವೆಲ್ಲ ಮಾಡಿದ ಪರೀಕ್ಷೆಯೇ. ನೀಲಿ ದ್ರಾವಣಕ್ಕೆ ಮೂತ್ರದ ಹನಿ ಸೇರಿಸಿ ಕುದಿಸಿದರೆ ಹಸಿರು, ಹಳದಿ, ಕೊನೆಗೆ ಇಟ್ಟಿಗೆ ಕೆಂಪು. ಪರೀಕ್ಷೆಯ ಅಂಕಕ್ಕಾಗಿ ನಾವು ನೋಡಿದ ಆ ಬಣ್ಣವನ್ನು ನೋಡಿಯೇ ದಶಕಗಳ ಕಾಲ ಜನ ಇನ್ಸುಲಿನ್ ಪ್ರಮಾಣ ನಿರ್ಧರಿಸುತ್ತಿದ್ದರು. ರಕ್ತದ ಸಕ್ಕರೆ ಸಾಮಾನ್ಯವಾಗಿ 180 ದಾಟಿದ ಮೇಲೆಯೇ ಅದು ಮೂತ್ರದಲ್ಲಿ ಕಾಣಿಸುತ್ತದೆ. ಕಂಡದ್ದೂ ಕೆಲವು ಗಂಟೆಗಳ ಹಿಂದಿನ ಸುದ್ದಿ. ಸಕ್ಕರೆ 50ಕ್ಕೆ ಕುಸಿಯುತ್ತಿದ್ದರೆ ದ್ರಾವಣ ನೀಲಿಯಾಗಿಯೇ ಉಳಿಯುತ್ತದೆ, ಏನನ್ನೂ ಹೇಳುವುದಿಲ್ಲ.

1962ರಲ್ಲಿ ಅಮೆರಿಕದ ಲೆಲ್ಯಾಂಡ್ ಕ್ಲಾರ್ಕ್ ತಮ್ಮ ಸಹೋದ್ಯೋಗಿಯೊಂದಿಗೆ ಒಂದು ಹೊಸ ದಾರಿ ತೋರಿಸಿದರು. ಗ್ಲುಕೋಸ್ ಆಕ್ಸಿಡೇಸ್ ಎಂಬ ಕಿಣ್ವವನ್ನು ತೆಳು ಪೊರೆಯ ನಡುವೆ ಇಟ್ಟು ವಿದ್ಯುದ್ವಾರದ ಮೇಲೆ ಕೂರಿಸುವುದು. ಕಿಣ್ವ ಗ್ಲುಕೋಸನ್ನು ಒಡೆಯುವಾಗ ಆಮ್ಲಜನಕ ಖರ್ಚಾಗುತ್ತದೆ. ಎಷ್ಟು ಖರ್ಚಾಯಿತೆಂಬುದನ್ನು ವಿದ್ಯುತ್ತಿನ ಹರಿವಿನಿಂದ ತಿಳಿಯಬಹುದು. ಸಕ್ಕರೆ ಮೊದಲ ಬಾರಿಗೆ ನಮ್ಮ ವಿಭಾಗದ ಭಾಷೆಗೆ, ಅಂದರೆ ಕರೆಂಟಿಗೆ ತರ್ಜುಮೆಯಾಯಿತು. ಮುಂದೆ ಬೆರಳು ಚುಚ್ಚಿ ನೋಡುವ ಮೀಟರ್‌ಗಳು ಬಂದವು. 1999ರಲ್ಲಿ ನಿರಂತರವಾಗಿ ಅಳೆಯುವ ಮೊದಲ ಸಾಧನಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಈಗಿನವು ತೋಳಿಗೆ ಅಂಟಿಸಿಕೊಂಡು ಹತ್ತು ಹದಿನೈದು ದಿನಕ್ಕೊಮ್ಮೆ ಬದಲಿಸುವಂಥವು. ಐದು ನಿಮಿಷಕ್ಕೊಂದು ಅಂಕಿ ಎಂದರೆ ದಿನಕ್ಕೆ 288 ಅಂಕಿ. ಒಂದೇ ಅಂಕಿ ಹೇಳದ ಸಂಗತಿಯನ್ನು, ಅಂದರೆ ಸಕ್ಕರೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು, ಆ ಸಾಲು ಹೇಳುತ್ತದೆ. ರಾತ್ರಿ ನಿದ್ದೆಯಲ್ಲಿ ಸಕ್ಕರೆ ಕುಸಿದರೆ ಮೊಬೈಲ್ ಕೂಗಿ ಎಬ್ಬಿಸುತ್ತದೆ. ಮಧುಮೇಹವಿರುವ ಮಗುವಿನ ಪಕ್ಕ ಎಚ್ಚರವಿದ್ದು ಕಾಯುವ ತಾಯಿಗೆ ಇದರ ಬೆಲೆ ಗೊತ್ತು.

ಮುಂದಿನ ಹೆಜ್ಜೆ ಸೆನ್ಸರನ್ನು ಪೂರ್ತಿಯಾಗಿ ಚರ್ಮದ ಕೆಳಗೇ ಇಡುವುದು. ಇಲ್ಲಿ ಎಂಜಿನಿಯರ್ ತಲೆ ಕೆಡಿಸಿಕೊಳ್ಳುವುದು ವಿದ್ಯುತ್ತಿನ ಬಗ್ಗೆ. ಗೋಡೆ ಗಡಿಯಾರದ ಸೆಲ್ ಮುಗಿದರೆ ಸ್ಟೂಲ್ ಹತ್ತಿ ಬದಲಿಸಬಹುದು. ತೋಳಿನೊಳಗಿನ ಸೆಲ್ ಬದಲಿಸಲು ಕತ್ತರಿ ಹಿಡಿದ ಡಾಕ್ಟರೇ ಬೇಕು. ಗುಂಡಿಯಾಕಾರದ ಸಿಆರ್2032 ಸೆಲ್‌ನ ಸಾಮರ್ಥ್ಯ ಸುಮಾರು 225 ಮಿಲಿಆಂಪಿಯರ್-ಗಂಟೆ. ಸರ್ಕ್ಯೂಟ್ ಸದಾ 5 ಮಿಲಿಆಂಪಿಯರ್ ಎಳೆದರೆ ಅದು ಎರಡೇ ದಿನದಲ್ಲಿ ಬರಿದು. ಸರಾಸರಿ 10 ಮೈಕ್ರೊಆಂಪಿಯರ್‌ಗೆ ಇಳಿಸಿದರೆ ಲೆಕ್ಕದ ಪ್ರಕಾರ ಎರಡೂವರೆ ವರ್ಷ. ಆದ್ದರಿಂದ ಚಿಪ್ ಬಹುಪಾಲು ಹೊತ್ತು ನಿದ್ದೆ ಮಾಡಬೇಕು, ಐದು ನಿಮಿಷಕ್ಕೊಮ್ಮೆ ಕ್ಷಣಕಾಲ ಎದ್ದು ಅಳೆದು, ಅಂಕಿ ಕಳಿಸಿ ಮತ್ತೆ ಮಲಗಬೇಕು. ಆದರೆ ಆ ಸೆಲ್ಲಿನ ಅಗಲವೇ 20 ಮಿಲಿಮೀಟರ್. ಚರ್ಮದಡಿಗೆ ಅದು ದೊಡ್ಡದಾಯಿತು. ನೀರು ತುಂಬಿದ ನಮ್ಮ ಮೈ ಬ್ಲೂಟೂತ್ ಬಳಸುವ ತರಂಗವನ್ನು ಬಹಳಷ್ಟು ಹೀರಿಬಿಡುತ್ತದೆ ಎಂಬ ತೊಡಕು ಬೇರೆ.

ಇದಕ್ಕೆ ಕಂಡುಕೊಂಡ ಒಂದು ಉಪಾಯ ಸೊಗಸಾಗಿದೆ. ನಮ್ಮ ಮೆಟ್ರೊ ಕಾರ್ಡ್ ಒಳಗೆ ಬ್ಯಾಟರಿ ಇಲ್ಲ. ಗೇಟಿನ ಬಳಿ ಹಿಡಿದಾಗ ಗೇಟಿನ ಸುರುಳಿಯಿಂದಲೇ ಅದಕ್ಕೆ ಶಕ್ತಿ ಸಿಗುತ್ತದೆ. 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಎವರ್‌ಸೆನ್ಸ್ ಎಂಬ ಇಂಪ್ಲಾಂಟ್ ಕೂಡ ಇದೇ ತತ್ತ್ವದ್ದು. ಸುಮಾರು 18 ಮಿಲಿಮೀಟರ್ ಉದ್ದ, 3.5 ಮಿಲಿಮೀಟರ್ ದಪ್ಪದ ಆ ಕಡ್ಡಿಯೊಳಗೆ ಬ್ಯಾಟರಿ ಇಲ್ಲ. ತೋಳಿನ ಮೇಲೆ ಅಂಟಿಸಿದ ಟ್ರಾನ್ಸ್‌ಮಿಟರ್ ಹೊರಗಿನಿಂದ ಶಕ್ತಿ ಕೊಡುತ್ತದೆ. ಒಳಗಿನ ಪುಟ್ಟ ದೀಪ ಬೆಳಗಿದಾಗ ಸಕ್ಕರೆಯ ಪ್ರಮಾಣಕ್ಕೆ ತಕ್ಕಂತೆ ಕಡ್ಡಿಯ ಲೇಪ ಹೊಳೆಯುತ್ತದೆ. ಆ ಹೊಳಪನ್ನು ಅಳೆದು ಟ್ರಾನ್ಸ್‌ಮಿಟರ್ ಮೊಬೈಲಿಗೆ ಕಳಿಸುತ್ತದೆ. ಮೊದಲು 90 ದಿನ ಬಾಳುತ್ತಿದ್ದ ಇದು 2024ರ ಹೊತ್ತಿಗೆ 365 ದಿನಕ್ಕೆ ಬಂದಿದೆ. ಎಲ್ಲ ಸಮಸ್ಯೆ ಮುಗಿದಿಲ್ಲ. ದೇಹ ಹೊರಗಿನ ವಸ್ತುವನ್ನು ಒಪ್ಪದೆ ಸುತ್ತ ಪೊರೆ ಕಟ್ಟುತ್ತದೆ. ಅಳೆಯುವುದು ಜೀವಕೋಶಗಳ ನಡುವಿನ ದ್ರವವನ್ನಾದ್ದರಿಂದ ರಕ್ತಕ್ಕಿಂತ ಕೆಲವು ನಿಮಿಷ ಹಿಂದೆ ಬೀಳುತ್ತದೆ. ಈಗಲೂ ಆಗಾಗ ಬೆರಳು ಚುಚ್ಚಿ ತಾಳೆ ನೋಡಬೇಕು.

ಎಲ್ಲಕ್ಕಿಂತ ದೊಡ್ಡ ತೊಡಕು ಬೆಲೆ. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಅಂದಾಜಿನಂತೆ ನಮ್ಮ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ. ಎಲ್ಲರಿಗೂ ಇನ್ಸುಲಿನ್ ಬೇಕಿಲ್ಲ, ಎಲ್ಲರಿಗೂ ಸೆನ್ಸರ್ ಬೇಕಿಲ್ಲ. ಆದರೆ ಟೈಪ್ 1 ಮಧುಮೇಹವಿರುವ ಮಕ್ಕಳಿಗೆ ಇನ್ಸುಲಿನ್ ಅನ್ನದಷ್ಟೇ ಅಗತ್ಯ, ಅಳತೆಯೂ ಅಷ್ಟೇ ಅಗತ್ಯ. ಅಂಥ ಎಷ್ಟೋ ಮನೆಗಳಲ್ಲಿ ಸೆನ್ಸರ್ ಇರಲಿ, ದಿನಕ್ಕೆ ನಾಲ್ಕು ಸಲ ಬೆರಳು ಚುಚ್ಚುವ ಸ್ಟ್ರಿಪ್‌ನ ಖರ್ಚೂ ಭಾರ. ಇನ್ಸುಲಿನ್ ಎಲ್ಲರಿಗೂ ಎಟುಕಲಿ ಎಂದು ಆ ಮೂವರು ಪೇಟೆಂಟ್ ಬಿಟ್ಟುಕೊಟ್ಟು ನೂರು ವರ್ಷ ದಾಟಿದೆ. ಅದನ್ನು ಸುರಕ್ಷಿತವಾಗಿ ಬಳಸಲು ಬೇಕಾದ ಅಳತೆ ಇನ್ನೂ ದುಡ್ಡಿದ್ದವರ ತೋಳಿನಲ್ಲಿದೆ.

ನನ್ನ ಜೊತೆ ಓದುವವರಲ್ಲಿ ಹಲವರಿಗೆ ಈ ವಿಷಯ ಡಾಕ್ಟರುಗಳದ್ದು ಎನಿಸುತ್ತದೆ. ಬ್ಯಾಂಟಿಂಗ್ ಬದುಕನ್ನು ಓದಿದ ಮೇಲೆ ನನಗೆ ಹಾಗೆ ಅನಿಸುತ್ತಿಲ್ಲ. ಸೂಜಿ ಹಿಡಿದವರ ಪಕ್ಕದಲ್ಲಿ ಅಂಕಿ ಬರೆದುಕೊಳ್ಳುವವನೊಬ್ಬ ಮೊದಲ ದಿನದಿಂದಲೂ ಇದ್ದ. ಅವನ ಜಾಗ ಈಗ ಮೈಕ್ರೊಆಂಪಿಯರ್ ಉಳಿಸುವವರದು, ಆಂಟೆನಾ ವಿನ್ಯಾಸ ಮಾಡುವವರದು, ಸಾವಿರ ರೂಪಾಯಿಯ ಸಾಧನವನ್ನು ನೂರು ರೂಪಾಯಿಗೆ ಇಳಿಸುವವರದು. ಕೆಲಸ ಹುಡುಕುತ್ತಿರುವ ನಮಗೆ ಇಲ್ಲಿ ಕೆಲಸ ಕಾದಿದೆ. ಮುಂದಿನ ನವೆಂಬರ್ 14ರಂದು ಶಾಲೆಯಲ್ಲಿ ಸಿಹಿ ಹಂಚುವಾಗ ಯಾವುದೋ ಮಗು ಅದನ್ನು ಬೇಡ ಎನ್ನದೆ, ಮೊಬೈಲಿನಲ್ಲಿ ಅಂಕಿ ನೋಡಿ, ಲೆಕ್ಕ ಹಾಕಿ ತಿನ್ನುವಂತಾದರೆ ಅದರಲ್ಲಿ ಬ್ಯಾಂಟಿಂಗ್ ಪಾಲು ಇದ್ದೇ ಇರುತ್ತದೆ. ನಮ್ಮ ಪಾಲು ಎಷ್ಟಿರಬೇಕು ಎಂಬುದನ್ನು ನಾವು ನಿರ್ಧರಿಸಬೇಕು.